ಸುಬೇದಾರರ ಪಿಸ್ತೂಲು ಮನೆಯಲ್ಲೇ ಉಳಿದ ದಸರಾ

ಹೋದ ತಿಂಗಳು ಗೆಳತಿಯೊಬ್ಬಳ ಮಗುವಿನ ನಾಮಕರಣಕ್ಕೆಂದು ಬೆಟ್ಟದಪುರದ ಬಸ್ಸು ಹತ್ತಿದ್ದೆ. ಪಿರಿಯಾಪಟ್ಟಣ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಿಟಕಿಯಿಂದ ಆ ವಾಸನೆ ಬಂತು. ಬೆಂಕಿಯ ಕಾವಿಗೆ ಎಲೆ ಒಣಗಿಸುವ ಬ್ಯಾರನ್ನಿನಲ್ಲಿ ಹೊಗೆಸೊಪ್ಪು ಹದಕ್ಕೆ ಬರುವಾಗಿನ ವಾಸನೆ. ಅದರಲ್ಲಿ ಅರ್ಧ ಬೆಲ್ಲದ ಪಾಕ, ಅರ್ಧ ಒಣಹುಲ್ಲಿನ ಬಿಸಿ. ಪಕ್ಕದಲ್ಲಿ ಕೂತಿದ್ದ ಹುಡುಗಿ ದುಪಟ್ಟಾ ತೆಗೆದು ಮೂಗಿಗೆ ಹಿಡಿದುಕೊಂಡಳು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ. ಅವಳು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. ನೋಡಲಿ ಬಿಡಿ, ನನಗೆ ಆ ವಾಸನೆ ಎಂದರೆ ಮೊದಲ ನೌಕರಿ, ಮೊದಲ ಸಂಬಳ, ಮತ್ತು ಒಂದು ಪಿಸ್ತೂಲಿನ ಜೊತೆ ನಾನು ಆಡಿದ ಜಗಳ.

ನಾನು ಹುಣಸೂರಿನವಳು. ಅಬ್ಬಾ ಬಡಗಿ. ಪೇಟೆಯಲ್ಲಿ ನಮ್ಮದೊಂದು ಪೀಠೋಪಕರಣದ ಅಂಗಡಿ, ಹಿಂದುಗಡೆ ಕೆಲಸದ ಜಾಗ. ತೇಗದ ಹೊಟ್ಟಿನಲ್ಲಿ ಆಡಿ ಬೆಳೆದವಳು ನಾನು. ಬಿ.ಎಡ್ ಮುಗಿದು ಬೆಟ್ಟದಪುರದ ಪಕ್ಕದ ಹಳ್ಳಿಯ ಪ್ರೌಢಶಾಲೆಗೆ ಆರ್ಡರ್ ಬಂದಾಗ ಅಮ್ಮಿ, ‘ಅಷ್ಟು ದೂರಾನಾ?’ ಎಂದು ಕಣ್ಣೊರೆಸಿಕೊಂಡಳು. ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಅಬ್ಬಾ ಮಾತ್ರ ಸುಮ್ಮನೆ ನನಗೊಂದು ಮರದ ಪೆನ್ನಿನ ಡಬ್ಬಿ ಮಾಡಿಕೊಟ್ಟರು.

ಶಾಲೆಯಲ್ಲಿ ಹೊಸಬರಿಗೆ ಏನು ಸಿಗುತ್ತದೆ ಎಂದು ಗೊತ್ತಿದ್ದವರಿಗೆ ಗೊತ್ತು. ಯಾರಿಗೂ ಬೇಡವಾದ್ದು ಸಿಗುತ್ತದೆ. ನನಗೆ ಯುವದಳ ಸಿಕ್ಕಿತು. ಮಕ್ಕಳಿಗೆ ಹಗ್ಗದ ಗಂಟು, ಕವಾಯತು, ಡೇರೆ ಹಾಕುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಇದೆಲ್ಲ ಕಲಿಸುವ ಸಂಘ. ಮುಖ್ಯ ಕಚೇರಿ ಮೈಸೂರಿನಲ್ಲಿ. ನನಗೆ ಆಗ ಗೊತ್ತಿದ್ದ ಗಂಟು ಒಂದೇ, ಜಡೆಗೆ ರಿಬ್ಬನ್ ಕಟ್ಟುವುದು.

ನನ್ನ ಮಾನ ಉಳಿಸಿದವರು ಸುಬೇದಾರ್ ಪೊನ್ನಪ್ಪನವರು. ಸೈನ್ಯದಿಂದ ನಿವೃತ್ತರಾಗಿ ಬಂದ ಕೊಡಗಿನವರು. ನಮ್ಮ ಶಾಲೆಯ ಹಿಂದೆಯೇ ನಾಲ್ಕೆಕರೆ ಕೊಂಡು ಶುಂಠಿ ಹಾಕಿದ್ದರು. ಹೆಂಡತಿ ತೀರಿಕೊಂಡಿದ್ದರು. ಒಬ್ಬರೇ ಇರುವುದು ಬೇಸರವಾಗಿಯೋ ಏನೋ, ಒಂದು ಶನಿವಾರ ಬೇಲಿಯಾಚೆ ನಿಂತು ನನ್ನ ಕವಾಯತು ನೋಡಿದರು. ನಾನು ‘ಬಲಕ್ಕೆ ತಿರುಗ್’ ಅಂದಾಗ ಅರ್ಧ ಮಕ್ಕಳು ಎಡಕ್ಕೆ ತಿರುಗಿದ್ದವು. ಅವರು ಬೇಲಿ ದಾಟಿ ಒಳಗೆ ಬಂದು, ‘ಟೀಚರೇ, ಇದು ಕವಾಯತು ಅಲ್ಲ, ಇದು ಕುರಿ ಸಂತೆ,’ ಎಂದರು. ಅವತ್ತಿನಿಂದ ಪ್ರತಿ ಶನಿವಾರ ಮಕ್ಕಳು ಅವರ ಕೈಗೆ. ಬಿಳಿ ಮೀಸೆ, ಇಸ್ತ್ರಿ ಮಾಡಿದ ಖಾಕಿ ಪ್ಯಾಂಟು, ಸೊಂಟಕ್ಕೆ ಅಗಲದ ಬೆಲ್ಟು, ಬೆಲ್ಟಿನ ಬಲಗಡೆ ಕಂದು ತೊಗಲಿನ ಚೀಲ, ಅದರೊಳಗೆ ಪಿಸ್ತೂಲು. ಲೈಸೆನ್ಸ್ ಇತ್ತು. ಮಕ್ಕಳು ಅವರನ್ನು ಸುಬೇದಾರ್ ತಾತ ಎನ್ನುತ್ತಿದ್ದವು. ನಾನು ಅಂಕಲ್ ಅನ್ನುತ್ತಿದ್ದೆ. ಅವರ ಪ್ರಕಾರ ನಾನು ಅರ್ಧ ಹೊತ್ತು ಟೀಚರು, ಉಳಿದ ಹೊತ್ತು ಮಾರಾಯ್ತಿ.

ಆ ವರ್ಷ ದಸರಾ ರಜೆಯಲ್ಲಿ ಶಿಬಿರ ಎಂದು ತೀರ್ಮಾನವಾಯಿತು. ಎಚ್.ಡಿ. ಕೋಟೆ ಕಡೆ, ಅಂತರಸಂತೆಯ ಹತ್ತಿರ, ಕಾಡಂಚಿನ ಒಂದು ಶಾಲೆಯ ಬಯಲಿನಲ್ಲಿ. ಗಂಡುಹುಡುಗರು ಹೋದ ವರ್ಷವೂ ಹೋಗಿದ್ದರು. ನಾನು ಈ ಸಲ ಹುಡುಗಿಯರೂ ಬರಬೇಕು ಎಂದು ಹಟ ಹಿಡಿದೆ. ಹನ್ನೆರಡು ಹುಡುಗಿಯರಿದ್ದರು ದಳದಲ್ಲಿ. ಅವರ ಮುಂದಾಳು ಒಂಬತ್ತನೇ ಕ್ಲಾಸಿನ ಚಂದ್ರಿಕಾ. ಡೇರೆಯ ಗೂಟ ಹೊಡೆಯುವುದರಲ್ಲಿ ಗಂಡುಹುಡುಗರು ಅವಳ ಮುಂದೆ ಸೊನ್ನೆ. ಒಂದು ದಿನ ಅವಳು ನನ್ನ ಹಿಂದೆಯೇ ಸ್ಟಾಫ್ ರೂಮಿನವರೆಗೆ ಬಂದಳು.

‘ಮಿಸ್, ನಾನು ಇದುವರ್ಗೂ ನಮ್ಮೂರ್ ಬುಟ್ಟು ಒಂದು ರಾತ್ರೀನೂ ಬೇರೆ ಊರಲ್ಲಿ ಮಲಗಿಲ್ಲ.’

‘ಅಜ್ಜಿ ಊರಿಗೆ ಹೋಗಲ್ವೇನೇ?’

‘ಅಜ್ಜಿ ಊರೂ ನಮ್ಮೂರೇ ಮಿಸ್. ಅತ್ತೆ ಊರೂ ನಮ್ಮೂರೇ. ಎಲ್ಲಾ ಒಂದೇ ಬೀದಿ. ಈ ಸಲ ಎಂಗಾರಾ ಮಾಡಿ ಕರ್ಕೊಂಡೋಗಿ ಮಿಸ್.’

ಅವಳ ಮುಖ ನೋಡಿ ನನಗೆ ನಗು ಬಂತು. ಕರೆದುಕೊಂಡು ಹೋಗಿಯೇ ಹೋಗುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಮಾತು ಕೊಡುವುದು ಸುಲಭ. ಪೋಷಕರ ಸಭೆ ಕರೆದಾಗ ಗೊತ್ತಾಯಿತು ಕಷ್ಟ. ಹೊಗೆಸೊಪ್ಪಿನ ಕಾಲ, ಎಲ್ಲರೂ ಬ್ಯಾರನ್ನಿನ ಮುಂದೆ ನಿದ್ದೆಗೆಟ್ಟು ಕೆಂಗಣ್ಣು ಮಾಡಿಕೊಂಡೇ ಬಂದಿದ್ದರು. ಮುಂದಿನ ಸಾಲಿನಲ್ಲಿ ಚಂದ್ರಿಕಾಳ ಅಜ್ಜಿ ಕೆಂಪಮ್ಮ. ಆ ಬೀದಿಗೆಲ್ಲ ಅವರದೇ ಮಾತು. ಅವರು ತಲೆ ಆಡಿಸಿದರೆ ಹನ್ನೆರಡು ಮನೆಯೂ ತಲೆ ಆಡಿಸುತ್ತದೆ. ಅವರು ಆಡಿಸಲಿಲ್ಲ.

‘ಅಂತ್ರಸಂತೇನಾ? ಅಲ್ಲಿ ಆನೆ ಅವೆ. ವಯಸ್ಸಿಗ್ ಬಂದ್ ಎಣ್ಮಕ್ಕಳ್ನ ಕಾಡ್ನಾಗೆ ಮಲಗ್ಸುಕೆ ಕಳಿಸ್ಬೇಕಾ ಮಿಸ್ಸಮ್ಮ?’

ನಾನು ಕಾಡಲ್ಲ, ಶಾಲೆ, ಹುಡುಗಿಯರಿಗೆ ಗಟ್ಟಿ ಕೋಣೆ ಇದೆ ಎಂದೆಲ್ಲ ಹೇಳುತ್ತಿದ್ದೆ. ಯಾರಿಗೂ ಕೇಳಿಸುತ್ತಿರಲಿಲ್ಲ. ಆಗ ಸುಬೇದಾರರು ಎದ್ದು ನಿಂತರು. ಏನೂ ವಿವರಿಸಲಿಲ್ಲ. ಬಲಗೈಯಿಂದ ಸೊಂಟದ ತೊಗಲಿನ ಚೀಲವನ್ನು ಪಟಪಟ ಎಂದು ಎರಡು ಸಲ ತಟ್ಟಿದರು.

‘ಇದು ಇಲ್ಲಿ ಉಂಟು. ನಾನು ಜೊತೆಗೆ ಉಂಟು. ನಿಮ್ಮ ಮಕ್ಕಳ ಕೂದಲೂ ಕೊಂಕುವುದಿಲ್ಲ.’

ಕೆಂಪಮ್ಮ ಚೀಲ ನೋಡಿದರು, ಮೀಸೆ ನೋಡಿದರು, ಮತ್ತೆ ಚೀಲ ನೋಡಿದರು. ‘ಅಂಗಾದ್ರೆ ಸರಿ ಬುಡು,’ ಎಂದರು. ಹಿಂದಿನ ಸಾಲುಗಳಲ್ಲಿ ಸರಸರನೆ ತಲೆಗಳು ಆಡಿದವು. ಚಂದ್ರಿಕಾ ಬಾಗಿಲ ಹಿಂದಿನಿಂದ ಕುಣಿದದ್ದು ನನಗೆ ಕಾಣಿಸಿತು. ಅವತ್ತು ನನಗೂ ಆ ಪಿಸ್ತೂಲಿನ ಮೇಲೆ ಪ್ರೀತಿಯೇ ಬಂದಿತ್ತು ಅಂದರೆ ಸುಳ್ಳಲ್ಲ.

ಅದಾಗಿ ವಾರಕ್ಕೆ ಮೈಸೂರಿನಲ್ಲಿ ದಳದ ನಾಯಕರಿಗೆ ತರಬೇತಿ. ಎರಡನೇ ದಿನ ಮಧ್ಯಾಹ್ನ ಅನ್ನ ಸಾರು ಉಂಡು ಎಲ್ಲರೂ ತೂಕಡಿಸುವ ಹೊತ್ತಿಗೆ ತರಬೇತುದಾರರು ನಿಯಮಗಳನ್ನು ಓದುತ್ತಿದ್ದರು. ಮಕ್ಕಳ ಜೊತೆ ಇಬ್ಬರು ದೊಡ್ಡವರು ಇರಲೇಬೇಕು. ಹುಡುಗಿಯರಿದ್ದರೆ ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಬೇಕು. ಪ್ರತಿ ಮಗುವಿನ ಕೊರಳಲ್ಲಿ ಸೀಟಿ ಇರಬೇಕು. ಆಮೇಲೆ, ದಳದ ಯಾವ ಕಾರ್ಯಕ್ರಮಕ್ಕೂ ಯಾರೂ ಪಿಸ್ತೂಲು, ರಿವಾಲ್ವರ್ ತರುವಂತಿಲ್ಲ, ಲೈಸೆನ್ಸ್ ಇದ್ದರೂ ಇಲ್ಲ, ಬೀಗ ಹಾಕಿ ಇಟ್ಟರೂ ಇಲ್ಲ. ಕೆಲಸದ ಮೇಲಿರುವ ಪೊಲೀಸರಿಗೆ, ಅರಣ್ಯ ಇಲಾಖೆಯವರಿಗೆ ಮಾತ್ರ ವಿನಾಯಿತಿ.

ಇಡೀ ಸಭಾಂಗಣ ನಕ್ಕಿತು. ಮಕ್ಕಳ ಶಿಬಿರಕ್ಕೆ ಪಿಸ್ತೂಲು ಯಾರು ತರುತ್ತಾರೆ ಸಾರ್ ಎಂದು ಯಾರೋ ಕೇಳಿದರು. ನಾನೊಬ್ಬಳೇ ನಗಲಿಲ್ಲ. ಕೈ ಎತ್ತಿ, ‘ಕವಾಯತಿಗೂ ತರಬಾರದಾ ಸರ್?’ ಎಂದೆ.

‘ತರಬಾರದಮ್ಮ. ಯಾಕೆ, ನಿಮ್ಮಲ್ಲಿ ಯಾರಾದರೂ ತರ್ತಾರಾ?’

‘ಇಲ್ಲ ಸರ್, ಸುಮ್ಮನೆ ಕೇಳಿದೆ,’ ಎಂದು ಕೂತೆ. ಕಿವಿ ಬಿಸಿಯಾಗಿತ್ತು.

ವಾಪಸು ಬರುವ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಪಿಸ್ತೂಲು ಬಂದರೆ ಶಿಬಿರಕ್ಕೆ ಒಪ್ಪಿಗೆ ಇಲ್ಲ. ಪಿಸ್ತೂಲು ಬರದಿದ್ದರೆ ಹುಡುಗಿಯರು ಬರುವುದಿಲ್ಲ. ಪಿಸ್ತೂಲು ಬೇಡ ಎಂದು ಹೇಳಿದರೆ ಸುಬೇದಾರರೇ ಬರುವುದಿಲ್ಲ. ಹೇಳದೆ ಇರೋಣವೆಂದರೆ ನನ್ನ ಕೆಲಸವಿನ್ನೂ ಪ್ರೊಬೇಷನ್ನು.

ಇಷ್ಟಕ್ಕೂ ನಿಯಮ ಕೇಳಿದಾಗ ನನ್ನೊಳಗೆ ಏನೋ ಒಂದು ‘ಸರಿಯೇ’ ಅಂದಿತ್ತು. ಯಾಕೆಂದರೆ ಅಬ್ಬಾನ ಅಂಗಡಿಯಲ್ಲಿ ನಮಗೆಲ್ಲ ಗೊತ್ತಿದ್ದ ಒಂದು ಕ್ರಮವಿತ್ತು. ಮಗುವೊಂದು ಒಳಗೆ ಕಾಲಿಟ್ಟರೆ ಉಳಿ, ಬಾಚಿ ಎಲ್ಲ ಬೆಂಚಿನ ಮೇಲೆ ಹೋಗಬೇಕು. ಎಷ್ಟೇ ಅರ್ಜೆಂಟು ಕೆಲಸವಿರಲಿ, ಕೈ ಖಾಲಿಯಾದ ಮೇಲೆಯೇ ಮಗುವಿನ ಜೊತೆ ಮಾತು. ಹಬ್ಬದ ಹಿಂದಿನ ದಿನ ಗಿರಾಕಿ ತಲೆ ಮೇಲೆ ಕೂತಿದ್ದರೂ ಅಬ್ಬಾ ಇದನ್ನು ಬಿಟ್ಟವರಲ್ಲ.

ಶನಿವಾರ ಕವಾಯತು ಶುರುವಾಗುವ ಮುಂಚೆಯೇ ಸುಬೇದಾರರಿಗೆ ಹೇಳಿಬಿಟ್ಟೆ. ನಿಯಮ ಹೇಳಿದೆ, ಅಬ್ಬಾನ ಉಳಿಯ ಕಥೆಯನ್ನೂ ಹೇಳಿದೆ. ಅವರ ಮುಖ ಮೊದಲು ಬಿಳಿಚಿತು, ಆಮೇಲೆ ಮೀಸೆಯ ಬುಡದವರೆಗೆ ಕೆಂಪಾಯಿತು.

‘ನೋಡು ಮಾರಾಯ್ತಿ, ನಮ್ಮಲ್ಲಿ ಮಗು ಹುಟ್ಟಿದರೆ ಕೋವಿಯಿಂದ ಒಂದು ಗುಂಡು ಹಾರಿಸಿ ಊರಿಗೆ ಹೇಳುವುದು. ಸತ್ತರೆ ಎರಡು. ಅದು ನಮಗೆ ಮನೆಯ ಜನ ಇದ್ದ ಹಾಗೆ. ಸರ್ಕಾರ ನಂಬಿ ನನ್ನ ಕೈಯಲ್ಲಿ ಇಷ್ಟು ವರ್ಷ ಕೊಟ್ಟಿತು. ನಿನ್ನ ದಳಕ್ಕೆ ನಂಬಿಕೆ ಇಲ್ಲವಾ?’

‘ನಿಮ್ಮ ಮೇಲೆ ನಂಬಿಕೆ ಇದೆ ಅಂಕಲ್. ಮಕ್ಕಳ ಮೇಲೆ ಇಲ್ಲ. ನೀವು ಗಂಟು ಕಲಿಸುವಾಗ ಅವು ನಿಮ್ಮ ಕೈ ನೋಡುವುದಿಲ್ಲ, ಸೊಂಟ ನೋಡ್ತವೆ.’

‘ಸುಳ್ಳು.’

‘ಕೇಳಿ ನೋಡಿ.’

ಕೋಪದಲ್ಲಿಯೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಹೋದ ಶನಿವಾರ ಡೇರೆಯ ಹಗ್ಗಕ್ಕೆ ಹಾಕಿದ ಗಂಟು ಯಾವುದು, ಯಾರು ತೋರಿಸುತ್ತೀರಿ ಎಂದರು. ಚಂದ್ರಿಕಾ ಒಬ್ಬಳು ಕೈ ಎತ್ತಿದಳು, ಅರ್ಧ ಹಾಕಿ ಮರೆತಳು. ಉಳಿದವು ನೆಲ ನೋಡಿದವು. ಆಮೇಲೆ ಅವರು ಸೊಂಟದ ಚೀಲದ ಮೇಲೆ ಕೈ ಮುಚ್ಚಿಕೊಂಡು, ‘ಇದರ ಗುಂಡಿ ಯಾವ ಬಣ್ಣ?’ ಎಂದರು.

‘ಇತ್ತಾಳೆ ತಾತ!’ ಎಂದು ಇಡೀ ಸಾಲು ಕಿರುಚಿತು.

‘ಹಿಡಿಯ ಮೇಲೆ ಎಂತ ಉಂಟು?’

‘ಗೀಟು ತಾತ! ಅಡ್ಡಡ್ಡ ಗೀಟು! ಒಂದು ಕಡೆ ಸವ್ದೋಗೈತೆ!’

ನಾನು ತುಟಿ ಕಚ್ಚಿಕೊಂಡು ನಗು ತಡೆದೆ. ಅವರು ನಗಲಿಲ್ಲ. ಗಂಟಲು ಸರಿಮಾಡಿಕೊಂಡು, ಇವತ್ತು ಕವಾಯತು ಇಲ್ಲ ಎಂದು ಹೇಳಿ ಬೇಲಿ ದಾಟಿ ಹೋದರು. ಮುಂದಿನ ಶನಿವಾರವೂ ಬರಲಿಲ್ಲ. ನಾನು ಕವಾಯತು ಮಾಡಿಸಿದೆ, ಮತ್ತೆ ಕುರಿ ಸಂತೆಯಾಯಿತು. ಮಕ್ಕಳು ಬೇಲಿಯ ಕಡೆಯೇ ನೋಡುತ್ತಿದ್ದವು. ನನಗೆ ಅಳು ಬರುವಷ್ಟು ಬೇಸರವಾಗಿತ್ತು.

ಸೆಪ್ಟೆಂಬರಿನ ಮೊದಲ ವಾರ ಅವರಿಂದ ಫೋನು ಬಂತು. ‘ನಾಳೆ ನಮ್ಮ ಕೈಲ್ ಪೊಳ್ದ್. ಮಕ್ಕಳನ್ನು ಕರೆದುಕೊಂಡು ಬಾ. ಹಬ್ಬಕ್ಕೆ ಹಂದಿ ಸಾರು ಉಂಟು, ನಿನಗೆ ಬೇರೆ ಪಾತ್ರೆಯಲ್ಲಿ ಕೋಳಿ ಮಾಡಿಸಿದ್ದೇನೆ, ಹೆದರಬೇಡ.’ ಕೈಲ್ ಪೊಳ್ದ್ ಎಂದರೆ ಕೊಡಗಿನವರ ಆಯುಧದ ಹಬ್ಬ. ನಾವು ಹೋದಾಗ ಮನೆಯ ನಡುಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಹಲಗೆಯ ಮೇಲೆ ಅಜ್ಜನ ಕಾಲದ ಒಂಟಿನಳಿಗೆಯ ಕೋವಿ, ಒಂದು ಕತ್ತಿ, ಪಕ್ಕದಲ್ಲಿ ಚೀಲದಿಂದ ಹೊರಬಂದ ಪಿಸ್ತೂಲು. ಎಲ್ಲಕ್ಕೂ ಗಂಧದ ಬೊಟ್ಟು. ಕೋವಿಯ ಬಾಯಿಗೆ ಹಳದಿ ಕೆಂಪಿನ ಕಾಡುಹೂವು. ಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದವು.

‘ಸರಿ, ನೋಡಿ. ಹೊಟ್ಟೆ ತುಂಬುವಷ್ಟು ನೋಡಿ,’ ಎಂದರು ಸುಬೇದಾರರು. ಪಿಸ್ತೂಲಿನಲ್ಲಿ ಗುಂಡಿಲ್ಲ ಎಂದು ತೆರೆದು ತೋರಿಸಿದರು. ಎಲ್ಲಿ ಬಳಸಿದ್ದು, ಎಷ್ಟು ಭಾರ, ಯಾಕೆ ಆಟಿಕೆಯಲ್ಲ ಎಂದು ಒಬ್ಬೊಬ್ಬರ ಪ್ರಶ್ನೆಗೂ ಉತ್ತರ ಹೇಳಿದರು. ಮಕ್ಕಳು ಕೇಳಿ ಕೇಳಿ ಸುಸ್ತಾದವು. ಕೊನೆಗೆ ಒಂದು ಹುಡುಗಿ, ‘ತಾತ, ಕಡುಬು ಯಾವಾಗ?’ ಎಂದಳು.

ಅವರು ಜೋರಾಗಿ ನಕ್ಕರು. ಎಷ್ಟೋ ದಿನದ ಮೇಲೆ ಆ ನಗು ಕೇಳಿದ್ದು. ಕೋಳಿ ಸಾರು ನನ್ನ ತಟ್ಟೆಗೆ ಬಡಿಸುತ್ತಾ ಮೆಲ್ಲಗೆ ಹೇಳಿದರು, ‘ನಿನ್ನ ಅಪ್ಪ ಸರಿಯಾದ ಮನುಷ್ಯ ಮಾರಾಯ್ತಿ. ಕವಾಯತಿಗೂ ಶಿಬಿರಕ್ಕೂ ಇನ್ನು ಇದು ಬೇಡ, ಇಲ್ಲೇ ಬೀಗದೊಳಗೆ ಇರಲಿ. ಆದರೆ ಆ ಮುದುಕಿಗೆ ನೀನೇ ಹೇಳು. ನನಗೆ ಧೈರ್ಯ ಇಲ್ಲ.’

ಯುದ್ಧ ನೋಡಿದ ಮನುಷ್ಯನಿಗೆ ಇಲ್ಲದ ಧೈರ್ಯ ನನಗೆಲ್ಲಿಂದ ಬರಬೇಕು? ಆದರೂ ಹೋದೆ. ಕೆಂಪಮ್ಮ ಮನೆಯ ಮುಂದೆ ಕೂತು ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಕೈ ಅಂಟಂಟು. ನಾನೂ ಪಕ್ಕದಲ್ಲಿ ಕೂತು ಎಲೆ ಜೋಡಿಸಿ ಕೊಡುತ್ತಾ ವಿಷಯ ಹೇಳಿದೆ. ಸುತ್ತಿಬಳಸಲಿಲ್ಲ. ಪಿಸ್ತೂಲು ಬರುವುದಿಲ್ಲ, ಸುಬೇದಾರರು ಬರುತ್ತಾರೆ, ನಾನು ಇರುತ್ತೇನೆ, ಹುಡುಗಿಯರನ್ನು ಕಳಿಸಿ ಎಂದೆ. ಪಿಸ್ತೂಲಿದ್ದರೂ ಆನೆಗೆ ಅದು ಕಡಲೆಪುರಿ ಎಂದು ಸುಬೇದಾರರೇ ಹೇಳಿದ್ದನ್ನೂ ಸೇರಿಸಿದೆ.

ಕೆಂಪಮ್ಮ ಕಟ್ಟುವ ಕೈ ನಿಲ್ಲಿಸಲಿಲ್ಲ. ‘ನಂಗೆ ಆನೆ ಭಯ ಅಲ್ಲ ಕಣವ್ವ.’

‘ಮತ್ತೆ?’

‘ಗಂಡಸ್ರು. ಕುಡ್ದು ಬರೋರು, ಜೀಪ್ನಾಗೆ ಬರೋರು. ಆನೆ ಅಂದ್ರೆ ಸಭೇಲಿ ಎಲ್ರಿಗೂ ಅರ್ಥ ಆಯ್ತದೆ. ಇದ್ನ ಎಂಗ್ ಏಳಾದು?’

ಇದೇ ಭಯದಿಂದ ಅಮ್ಮಿ ನನ್ನನ್ನು ಕಾಲೇಜಿನ ಪ್ರವಾಸಕ್ಕೆ ಕಳಿಸಿರಲಿಲ್ಲ. ಅದನ್ನೇ ಹೇಳಿದೆ. ಮೂರು ವರ್ಷವೂ ಗೆಳತಿಯರ ಫೋಟೋ ನೋಡಿ ಬಾತ್‌ರೂಮಿನಲ್ಲಿ ಅತ್ತದ್ದನ್ನೂ ಹೇಳಿದೆ. ಬಾಗಿಲ ಹಿಂದೆ ಚಂದ್ರಿಕಾ ನಿಂತಿದ್ದಾಳೆ ಎಂದು ಇಬ್ಬರಿಗೂ ಗೊತ್ತಿತ್ತು. ಕೆಂಪಮ್ಮ ಕಡ್ಡಿಯನ್ನು ಕೆಳಗಿಟ್ಟು, ಅಂಟು ಕೈಯನ್ನು ಸೆರಗಿಗೆ ಒರೆಸದೆ ಗಾಳಿಯಲ್ಲಿ ಹಿಡಿದುಕೊಂಡು, ಬಾಗಿಲ ಕಡೆ ತಿರುಗಿದರು.

‘ಲೇ ಚಂದ್ರಿ, ನನ್ ಎರಡು ಸೀರೆ ಬ್ಯಾಗ್ನಾಗೆ ಆಕು. ಪಿಸ್ತೂಲ್ ಬರ್ದಿದ್ರೆ ಬುಡು, ನಾನೇ ಬತ್ತೀನಿ.’

ಕೆಂಪಮ್ಮ ಹೊರಟರೆಂದ ಮೇಲೆ ಆ ಬೀದಿಯ ಇನ್ನೂ ಇಬ್ಬರು ತಾಯಂದಿರು ಹೊರಟರು. ಮೈಸೂರಿನ ಕಚೇರಿಗೆ ಫೋನು ಮಾಡಿ ಕೇಳಿದೆ, ಅಜ್ಜಿ, ಅಮ್ಮಂದಿರು ಬರಬಹುದಾ ಎಂದು. ಪಿಸ್ತೂಲಿಲ್ಲದ ಅಜ್ಜಿಯಂದಿರು ಎಷ್ಟು ಜನವಾದರೂ ಬರಲಿ ಎಂದರು ಆ ತರಬೇತುದಾರರು. ಅವರಿಗೆ ಅನುಮಾನ ಇದ್ದೇ ಇತ್ತು ಅಂತ ಕಾಣುತ್ತದೆ.

ಶಿಬಿರದ ಮೊದಲ ಎರಡು ದಿನ ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಅಂತರಸಂತೆಯ ಆ ಬಯಲು, ಸುತ್ತ ಮುಸುಕಿನ ಜೋಳದ ಹೊಲ, ಅದರಾಚೆ ನೀಲಿಯಾಗಿ ಕಾಡು. ಬೆಳಿಗ್ಗೆ ಮಂಜು ಮೊಣಕಾಲವರೆಗೆ ಇರುತ್ತಿತ್ತು. ಸುಬೇದಾರರು ಬೆಲ್ಟಿಲ್ಲದೆ, ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡು ಓಡಾಡುತ್ತಿದ್ದರು. ಗಂಟು ಕಲಿಸಲು ಬಗ್ಗಿದರೆ ಮಕ್ಕಳು ಅವರ ಬೆರಳಿನ ಮೇಲೆಯೇ ಬಿದ್ದುಬಿಡುತ್ತಿದ್ದವು. ಕೆಂಪಮ್ಮ ಅಡುಗೆಮನೆ ಹಿಡಿದುಕೊಂಡು, ಮೂರು ಕಲ್ಲಿನ ಒಲೆಯಲ್ಲಿ ಅವರೇಕಾಳಿನ ಸಾರು ಕಾಯಿಸುತ್ತಾ, ಸೌಟಿನಿಂದಲೇ ಇಡೀ ಶಿಬಿರವನ್ನು ಆಳಿದರು. ಸುಬೇದಾರರಿಗೂ ಅವರಿಗೂ ಉಪ್ಪಿನ ವಿಷಯಕ್ಕೆ ದಿನಕ್ಕೆರಡು ಸಲ ಜಗಳ. ಚಂದ್ರಿಕಾ ಮೊದಲ ಬೆಳಿಗ್ಗೆ ಎದ್ದವಳೇ ನನ್ನನ್ನು ಹುಡುಕಿಕೊಂಡು ಬಂದು, ‘ಮಿಸ್, ಮಲಗುದ್ದೆ ಮಿಸ್! ಬೇರೆ ಊರಲ್ಲಿ!’ ಎಂದಳು. ನಾನು ಅವಳನ್ನು ತಬ್ಬಿಕೊಂಡೆ. ಪ್ರೊಬೇಷನ್ನು ಗಿಬೇಷನ್ನು ಎಲ್ಲ ಆ ಹೊತ್ತಿಗೆ ನೆನಪಿಗೆ ಬರಲಿಲ್ಲ.

ಕೊನೆಯ ಸಂಜೆ. ಸೂರ್ಯ ಮುಳುಗಿ ಇನ್ನೂ ಬೆಳಕು ಉಳಿದಿತ್ತು. ಮಕ್ಕಳು ಶಿಬಿರದ ಬೆಂಕಿಗೆ ಕಟ್ಟಿಗೆ ಜೋಡಿಸುತ್ತಿದ್ದರು. ಆಗ ಜೋಳದ ಹೊಲದೊಳಗಿಂದ ಕೂಗು ಕೇಳಿತು. ‘ಹೋ... ಹೋ...’ ಎಂದು ಗಂಟಲು ಹರಿಯುವ ಕೂಗು. ಒಬ್ಬರದಲ್ಲ, ಐದಾರು ಜನರದು. ಜೊತೆಗೆ ತಗಡು ಬಡಿಯುವ ಸದ್ದು. ಜೋಳದ ತುದಿಯ ಸೂಲಂಗಿಗಳು ಅಲ್ಲಾಡುತ್ತಾ ಅಲ್ಲಾಡುತ್ತಾ ನಮ್ಮ ಕಡೆಗೇ ಬರುತ್ತಿದ್ದವು. ಎರಡು ಟಾರ್ಚುಗಳು ಮಿನುಗಿದವು.

ಇಬ್ಬರು ತಾಯಂದಿರು ಹುಡುಗಿಯರನ್ನು ಕೋಣೆಯ ಕಡೆ ಎಳೆದರು. ಕೆಂಪಮ್ಮ ಸೌಟು ಹಿಡಿದು ಎದ್ದರು. ಇದೇ, ಸಭೆಯಲ್ಲಿ ಹೇಳಲಾಗದ ಭಯ ಇದೇ ಎಂದುಕೊಂಡೆ. ಕೊರಳಿನ ಸೀಟಿ ಊದಿದ್ದು ಮೊದಲು ನಾನೋ ಚಂದ್ರಿಕಾಳೋ ಗೊತ್ತಿಲ್ಲ. ಮರುಕ್ಷಣ ಅಷ್ಟೂ ಮಕ್ಕಳು ಊದಿದವು.

ಸೀಟಿ ಕೇಳಿದರೆ ಕಳ್ಳರು ಓಡಿಹೋಗುತ್ತಾರೆ ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಇವರು ಓಡಿಹೋಗಲಿಲ್ಲ. ಇನ್ನಷ್ಟು ಜೋರಾಗಿ ಕೂಗಿಕೊಂಡು ನಮ್ಮ ಮೇಲೆಯೇ ಓಡಿಬಂದರು. ತಲೆ ಮುಖಕ್ಕೆಲ್ಲ ಟವೆಲ್ಲು ಸುತ್ತಿದವರು, ಕೈಯಲ್ಲಿ ಕೋಲು ಹಿಡಿದವರು. ಎಲ್ಲರಿಗಿಂತ ಮುಂದಿದ್ದವನು ದೊಗಲೆ ಅಂಗಿ ತೊಟ್ಟು, ಹೆಗಲ ಮೇಲೆ ಏನೋ ಹೊತ್ತುಕೊಂಡು, ಬೇಲಿ ಹಾರಿ ನೇರ ಹುಡುಗಿಯರಿದ್ದ ಕಡೆಗೇ ನುಗ್ಗಿದ. ಸುಬೇದಾರರು ಎರಡು ಹೆಜ್ಜೆಯಲ್ಲಿ ಅಡ್ಡ ಬಂದು ನಿಂತರು. ಅವರ ಬಲಗೈ ಸೊಂಟಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಕೈ ಬರಿದೇ ಬಟ್ಟೆಯನ್ನು ತಡಕಿತು.

‘ನಿಲ್ಲು!’ ಎಂದು ಗುಡುಗಿದರು.

ಮುಂದಿದ್ದವನು ನಿಂತ. ಏದುಸಿರು ಬಿಡುತ್ತಾ ಮುಖದ ಟವೆಲ್ಲು ಎಳೆದು ತೆಗೆದ. ಅದರೊಳಗಿಂದ ಉದ್ದ ಜಡೆ ಜಾರಿ ಬಿತ್ತು. ಹುಡುಗಿ. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು.

‘ಎತ್ಲಾಗ್ ಓಯ್ತು?’ ಎಂದಳು.

‘ಯಾವುದು?’ ಎಂದರು ಕೆಂಪಮ್ಮ, ಸೌಟು ಎತ್ತಿಕೊಂಡೇ.

‘ಆನೆ!’

‘ಯಾವ್ ಆನೆ? ಆನೆ ಎಲ್ಲೈತೆ?’

‘ನೀವ್ ಪೀಪಿ ಊದುದ್ರಲ್ಲ! ಆನೆ ನುಗ್ತು ಅಂತ ಓಡ್ ಬಂದ್ವಿ!’

‘ನೀವ್ ಕೂಗುದ್ಕೆ ಊದುದ್ವಿ ಕಣವ್ವ!’

‘ನಾವ್ ಕೂಗುದ್ದು ಆನೆಗೆ! ಒಲದಾಗೆ ನಡ್ಯೋವಾಗ ಕೂಗ್ದೇ ಇದ್ರೆ ಎದ್ರಿಗೇ ಸಿಕ್ಬುಡ್ತದೆ. ಇಲ್ಲಿ ಎಲ್ರೂ ಅಂಗೇ.’

ಕೋಣೆಯ ಬಾಗಿಲಲ್ಲಿ ಚಂದ್ರಿಕಾ ಕಿಸಕ್ಕನೆ ನಕ್ಕಳು. ಅಷ್ಟೇ ಸಾಕಾಯಿತು. ಕೆಂಪಮ್ಮ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು, ತಾಯಂದಿರು ನಕ್ಕರು, ಹೊಲದವರೂ ನಕ್ಕರು. ಒಂದೆರಡು ಮಕ್ಕಳು ನಗುತ್ತಲೇ ಇನ್ನೂ ಸೀಟಿ ಊದುತ್ತಿದ್ದವು. ಬಂದವರು ಅಂತರಸಂತೆಯ ಕಡೆಯ ಯುವಕ ಯುವತಿಯರ ಸಂಘದವರು. ಸಂಜೆಯಾದರೆ ಸರದಿಯ ಮೇಲೆ ಹೊಲದ ಅಟ್ಟಣೆಗೆ ಕಾವಲು ಹೋಗುವವರು. ಆ ಹುಡುಗಿ ಮಾದೇವಿ, ಸಂಘದ ಕಾರ್ಯದರ್ಶಿ. ತೊಟ್ಟಿದ್ದು ಅವಳ ಅಣ್ಣನ ಅಂಗಿ, ಮುಖದ ಟವೆಲ್ಲು ಚಳಿಗೆ. ಹೆಗಲ ಮೇಲಿದ್ದದ್ದು ಎಳೆ ಜೋಳದ ಚೀಲ. ಬೇರೆ ಊರಿಂದ ಮಕ್ಕಳು ಬಂದಿವೆ, ಕೊನೆಯ ದಿನ ಸುಟ್ಟುಕೊಂಡು ತಿನ್ನಲಿ ಎಂದು ತಂದಿದ್ದರು.

ಬೆಂಕಿ ಹತ್ತಿತು. ಮಾದೇವಿ ಚಂದ್ರಿಕಾಳಿಗೆ ಜೋಳ ಸುಡುವುದನ್ನು ತೋರಿಸುತ್ತಿದ್ದಳು. ಕೆಂಪಮ್ಮ ಉಪ್ಪು ಖಾರ ಕಲಸುತ್ತಾ, ‘ಎಣ್ಮಗು ಅಂತ ಗೊತ್ತಾಗಿದ್ರೆ ಸೌಟ್ ಎತ್ತುತ್ತಿರಲಿಲ್ಲ ಕಣವ್ವ,’ ಎಂದು ಅವಳ ಕೆನ್ನೆ ಸವರಿದರು. ಸುಬೇದಾರರು ಎಲ್ಲಿ ಎಂದು ನೋಡಿದೆ. ಶಾಲೆಯ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ನೀರು ತೆಗೆದುಕೊಂಡು ಹೋದೆ. ಲೋಟ ತೆಗೆದುಕೊಂಡು, ಕುಡಿಯದೆ ಪಕ್ಕದಲ್ಲಿಟ್ಟರು.

‘ನಸ್ರೀನ್,’ ಎಂದರು. ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ‘ಅದು ಸೊಂಟದಲ್ಲಿ ಇದ್ದಿದ್ದರೆ ನಾನು ತೆಗೆಯುತ್ತಿದ್ದೆ.’

‘ಇರಲಿಲ್ಲವಲ್ಲ ಅಂಕಲ್.’

‘ತೆಗೆಯುತ್ತಿದ್ದೆ. ನನ್ನ ಗುರಿ ತಪ್ಪುವುದಿಲ್ಲ ಮಾರಾಯ್ತಿ.’

ನಾನು ಅವರ ಪಕ್ಕದಲ್ಲಿಯೇ ಕೂತೆ. ಬೆಂಕಿಯ ಸುತ್ತ ಮಕ್ಕಳು ಬಿಸಿ ಜೋಳವನ್ನು ಕೈಯಿಂದ ಕೈಗೆ ಎಸೆದಾಡುತ್ತಾ ಕಿರುಚಾಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಮಾದೇವಿ ನಮ್ಮ ಕಡೆಗೇ ಬಂದಳು. ಬೈಸಿಕೊಳ್ಳಲು ಬಂದವಳ ಹಾಗೆ ಒಂದು ಕ್ಷಣ ನಿಂತು, ಎಲೆಯಲ್ಲಿ ಸುತ್ತಿದ ಜೋಳವನ್ನು ಸುಬೇದಾರರ ಮುಂದೆ ಹಿಡಿದಳು.

‘ತಗಳಿ ತಾತ. ಎಳೇದು, ಕಡಿಯಾಕೇನೂ ಕಷ್ಟ ಆಗಾಕಿಲ್ಲ. ಎದ್ರುಸ್ಬುಟ್ವಾ?’

‘ಕೂರು,’ ಎಂದರು ಅವರು.

ಕೂತಳು. ಅವರು ಜೋಳವನ್ನು ನಡುವೆ ಮುರಿದು ದೊಡ್ಡ ಅರ್ಧವನ್ನು ಅವಳಿಗೇ ಕೊಟ್ಟರು. ಅವಳು ತಿನ್ನುತ್ತಾ, ಹೋದ ವಾರ ಅಟ್ಟಣೆಯ ಕೆಳಗೇ ಆನೆ ಬಂದು ನಿಂತು, ತಾನು ಕೂಗಲೂ ಆಗದೆ, ಇಳಿಯಲೂ ಆಗದೆ, ಬೆಳಗಿನವರೆಗೆ ಅದಕ್ಕೆ ಪಿಸುಮಾತಿನಲ್ಲಿ ಬೈಯುತ್ತಾ ಕೂತಿದ್ದ ಕಥೆ ಹೇಳಿದಳು. ಬೈಗುಳಗಳನ್ನೂ ಹೇಳಿದಳು. ಕೇಳಿ ನನಗೆ ಜೋಳ ಗಂಟಲಿಗೆ ಸಿಕ್ಕಿಕೊಂಡಿತು. ಸುಬೇದಾರರು ನಕ್ಕರು, ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡರು. ಕಥೆ ಮುಗಿಯಿತು. ಮಾದೇವಿ ಅಂಗಿ ಕೊಡವಿಕೊಂಡು, ಕಾವಲಿಗೆ ಹೊತ್ತಾಯಿತು ಎಂದು ಎದ್ದಳು. ಅವರು ಅವಳ ಅಂಗಿಯ ತೋಳನ್ನು ಮೆಲ್ಲಗೆ ಹಿಡಿದು ನಿಲ್ಲಿಸಿದರು.

‘ಇನ್ನೊಂದು ಹೇಳು ಮಗಳೇ,’ ಎಂದರು.